ಪೂರ್ತಿ ಎರಡು ಟಿಬಿ ತೋರಿಸಿದ ಡಿಸ್ಕು

ಡಬ್ಬದ ಮೇಲೆ ಎರಡು ಟಿಬಿ ಎಂದು ಅಚ್ಚಾಗಿರುವ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಪರದೆಯಲ್ಲಿ ೧.೮೧ ಟಿಬಿ ಎಂದು ಬರುತ್ತದೆ. ತುಮಕೂರಿನ ಸದಾಶಿವನಗರದಲ್ಲಿರುವ ನನ್ನ ಅಂಗಡಿಯಲ್ಲಿ ಈ ವಿಷಯಕ್ಕೆ ನಡೆದಷ್ಟು ಜಗಳ ಬೇರೆ ಯಾವುದಕ್ಕೂ ನಡೆದಿಲ್ಲ. ಹಳೆಯ ವಿಡಿಯೋ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಡಿಸ್ಕಿಗೆ ತುಂಬಿಕೊಡುವುದು ನನ್ನ ಕಸುಬು. ಡಿಸ್ಕನ್ನೂ ನಾನೇ ಕೊಡಿಸಿದೆನೆಂದರೆ ಮುಗಿಯಿತು, ಕಡಿಮೆ ಬಂದ ಜಾಗವನ್ನು ನಾನೇ ಮನೆಗೆ ಹೊತ್ತುಕೊಂಡು ಹೋದವನಂತೆ ಗಿರಾಕಿಗಳು ದುರುಗುಟ್ಟುತ್ತಾರೆ. ಅದಕ್ಕಾಗಿ ಒಂದು ಭಾಷಣವನ್ನೇ ಬಾಯಿಪಾಠ ಮಾಡಿಕೊಂಡಿದ್ದೆ. ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು ಸಾವಿರದ ಇಪ್ಪತ್ತನಾಲ್ಕರ ಲೆಕ್ಕದಲ್ಲಿ ಎಣಿಸುತ್ತದೆ, ಜಾಗ ಎಲ್ಲೂ ಹೋಗಿಲ್ಲ ಎಂದು ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದೆ. ಇಷ್ಟು ಚೆನ್ನಾಗಿ ಗೊತ್ತಿದ್ದ ವಿಷಯದಲ್ಲೇ ನಾನು ಎಡವಿದೆ.

ಗುಬ್ಬಿಯಿಂದ ಆ ಗಂಡಹೆಂಡತಿ ಬಂದದ್ದು ಬೆಳಿಗ್ಗೆ ನಾನು ಅಂಗಡಿಯ ಕಸ ಗುಡಿಸುತ್ತಿದ್ದಾಗ. ಆಕೆ ನಿವೃತ್ತ ಗಣಿತದ ಟೀಚರ್. ಅವರ ಯಜಮಾನರು ಗುಬ್ಬಿಯ ತೆಂಗಿನಕಾಯಿ ಮಂಡಿಯಲ್ಲಿ ಮೂವತ್ತು ವರ್ಷ ಕಾಯಿ ಎಣಿಸಿದವರು. ಇಬ್ಬರೂ ಸೇರಿ ಒಂದು ಅಕ್ಕಿಚೀಲವನ್ನು ಮೆಟ್ಟಿಲ ಮೇಲೆ ಇಳಿಸಿದರು. ಚೀಲದ ತುಂಬ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ವಿಡಿಯೋ ಕ್ಯಾಸೆಟ್ಟುಗಳು, ಪ್ರತಿಯೊಂದರ ಮೇಲೂ ಗುಂಡಗಿನ ಅಕ್ಷರದಲ್ಲಿ ಪಾಠದ ಹೆಸರು.

"ನೂರಾ ಮೂವತ್ತೆರಡು ಅವೆ, ಎಣಿಸ್ಕೊಳಪ್ಪ," ಎಂದರು ಯಜಮಾನರು. "ಲೆಕ್ಕದಲ್ಲಿ ಫೇಲಾದ್ ಹೆಣ್ಮಕ್ಳಿಗೆ ಇವ್ಳು ಭಾನ್ವಾರ ಭಾನ್ವಾರ ಮನೇಲಿ ಪಾಠ ಮಾಡೋಳು. ಬರಕ್ಕಾಗ್ದೇ ಇದ್ದೋರ್ ಆಮೇಲ್ ನೋಡ್ಕೊಳ್ಳಿ ಅಂತ ನಾನು ಕ್ಯಾಮ್ರಾ ಹಿಡೀತಿದ್ದೆ. ಈಗ ಇವ್ಳ ದನಿ ಅಂತ ಇರೋದು ಇದ್ರೊಳಗೇ ಕಣಪ್ಪ."

ಟೀಚರ್ ಕೊರಳಿಗೆ ಸುತ್ತಿದ್ದ ಹತ್ತಿಬಟ್ಟೆಯನ್ನು ಸ್ವಲ್ಪ ಸರಿಸಿದರು. ಗಂಟಲ ಗುಂಡಿಯಲ್ಲಿ ಉಸಿರಾಟಕ್ಕೆಂದು ಮಾಡಿದ ರಂಧ್ರ ಕಾಣಿಸಿತು. ನಾಲ್ಕು ವರ್ಷದ ಹಿಂದೆ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರಂತೆ. ಅವರ ಕೈಯಲ್ಲೊಂದು ಇನ್ನೂರು ಪುಟದ ನೋಟುಪುಸ್ತಕವಿತ್ತು. ಎಡಗಡೆಯ ಹಾಳೆಯಲ್ಲಿ ಅವರು ಬರೆದರು: "ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ಟಿವಿ ಮಾತಾಡುತ್ತದೆ. ಭಾನುವಾರದ ಕ್ಲಾಸು ಮತ್ತೆ ಶುರುಮಾಡಬೇಕು. ಆಗುತ್ತದಾ?"

"ಆಗುತ್ತೆ ಟೀಚರ್," ಎಂದೆ. ಅವರು ಬಲಗಡೆಯ ಹಾಳೆಯಲ್ಲಿ "ಆಗುತ್ತೆ" ಎಂದು ಬರೆದುಕೊಂಡರು. ನನ್ನ ಮುಖ ನೋಡಿ ಯಜಮಾನರು ನಕ್ಕರು. "ಇವ್ಳ ಮಾತು ಪುಸ್ತಕದಲ್ಲಿ ಉಳ್ಕೊಳುತ್ತೆ, ನಮ್ಮಾತು ಗಾಳೀಲಿ ಹೋಗುತ್ತೆ, ಅದು ನ್ಯಾಯ ಅಲ್ಲ ಅಂತಾಳೆ. ಅದ್ಕೇ ನಮ್ದೂ ಬರ್ಕೋತಾಳೆ. ನೋಡ್ಕೊಂಡ್ ಮಾತಾಡು." ನಾನೂ ನಕ್ಕೆ.

ಟೇಪುಗಳ ಸ್ಥಿತಿ ಚೆನ್ನಾಗಿರಲಿಲ್ಲ. ಗೋಡೆಯ ತೇವಕ್ಕೆ ಬೂಷ್ಟು ಹಿಡಿದಿತ್ತು. ಇಂಥ ಟೇಪನ್ನು ಓಡಿಸುವಾಗ ಅದರ ಮೇಲಿನ ಲೇಪ ಉದುರುತ್ತದೆ, ಒಂದು ಸಲ ಸರಿಯಾಗಿ ಓಡಿದರೆ ಪುಣ್ಯ, ಎರಡನೆಯ ಸಲಕ್ಕೆ ನಂಬಿಕೆಯಿಲ್ಲ. ಒಂದೊಂದನ್ನೂ ಬಿಚ್ಚಿ, ಮೆತ್ತನೆಯ ಬಟ್ಟೆಯಿಂದ ಬೂಷ್ಟು ಒರೆಸಿ, ಮತ್ತೆ ಜೋಡಿಸಿ ಹಳೆಯ ಕ್ಯಾಮೆರಾಕ್ಕೆ ಹಾಕುತ್ತಿದ್ದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಟೇಪನ್ನು ಓದುವ ಕ್ಯಾಮೆರಾದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಇಲ್ಲಿ ಅವಸರ ನಡೆಯುವುದಿಲ್ಲ. ಒಂದು ಗಂಟೆಯ ಟೇಪು ಇಳಿಯುವುದಕ್ಕೆ ಒಂದು ಗಂಟೆಯೇ ಬೇಕು, ಇಳಿದ ಮೇಲೆ ಹದಿಮೂರು ಜಿಬಿ ಜಾಗ ಹಿಡಿಯುತ್ತದೆ. ಕುಗ್ಗಿಸಿದರೆ ಎರಡು ಜಿಬಿಗೆ ಇಳಿಸಬಹುದು ಎಂದು ಮೊದಲೇ ಹೇಳಿದ್ದೆ. ಯಜಮಾನರು ಕೈ ಅಡ್ಡ ಆಡಿಸಿದರು. "ಹಿಂಡೋದು ಗಿಂಡೋದು ಏನೂ ಬ್ಯಾಡ. ಇದ್ದಂಗೇ ಇರ್ಲಿ."

ಒಂದೂವರೆ ತಿಂಗಳು ದಿನಕ್ಕೆ ಮೂರರಂತೆ ಇಳಿಸಿದೆ. ಅಷ್ಟೂ ದಿನ ಅಂಗಡಿಯಲ್ಲಿ ಟೀಚರ್ ದನಿಯೇ. ಸಣ್ಣ ದನಿಯಲ್ಲ, ಹಿಂದಿನ ಬೆಂಚಿಗೂ ಕಿವಿ ಹಿಂಡಿದಂತೆ ತಲುಪುವ ದನಿ. "ಮೈನಸ್ಸು ಅಂದ್ರೆ ಯಾಕ್ರೇ ಹಿಂಗ್ ಬೆಚ್ಚಿ ಬೀಳ್ತೀರಾ? ಬಾವಿ ಮೆಟ್ಲು ಇಳ್ದಂಗೆ ಕಣ್ರೇ, ಇಳೀರಿ ಕೆಳಕ್ಕೆ!" ಎಂದು ಹುಡುಗಿಯರನ್ನು ನಗಿಸಿ ನಗಿಸಿ ಲೆಕ್ಕ ಕಲಿಸುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂವತ್ತೈದು ತೆಗೆದು ದೇವರಿಗೆ ಈಡುಗಾಯಿ ಒಡೆದವನು. ಹೆಡ್ಡು ಒರೆಸುತ್ತ ಒರೆಸುತ್ತ, ಮಧ್ಯವಯಸ್ಸಿನಲ್ಲಿ, ಬೀಜಗಣಿತ ಅರ್ಥವಾಗತೊಡಗಿತು. ಆ ನೂರ ಮೂವತ್ತೆರಡು ಗಂಟೆಯನ್ನು ಇತ್ತೀಚೆಗೆ ಪೂರ್ತಿ ಕೇಳಿದವನು ನಾನೊಬ್ಬನೇ.

ಕೆಲಸ ಮುಗಿದಾಗ ಎಲ್ಲ ಸೇರಿ ಸಾವಿರದ ಏಳುನೂರು ಜಿಬಿ ಚಿಲ್ಲರೆ ಆಯಿತು. ನಾನು ಯಾವಾಗಲೂ ತರಿಸುವ ಕಡೆಯಿಂದಲೇ ಎರಡು ಟಿಬಿಯ ಡಿಸ್ಕು ತರಿಸಿ, ಇಬ್ಬರನ್ನೂ ಕರೆಸಿ, ಅವರೆದುರಿಗೇ ಸಿಕ್ಕಿಸಿದೆ. ೧.೮೧ ಬಂತು. ಯಜಮಾನರು ಕನ್ನಡಕ ಮೇಲೇರಿಸಿದರು.

"ಇದೇನಪ್ಪಾ, ಎರಡ್ರಲ್ಲಿ ಹತ್ತತ್ರ ಕಾಲು ಮಾಯ ಆಗದೆ? ಮಂಡೀಲಿ ಹಿಂಗ್ ಅಳೆದ್ರೆ ಚೀಲ ಬಿಸಾಕಿ ಹೋಯ್ತಿದ್ರು ರೈತ್ರು."

ಭಾಷಣ ಶುರುಮಾಡಿದೆ. ಅವರು ಮಂಡಿಯವರು, ಆದ್ದರಿಂದ ಮಂಡಿಯ ಮಾತಿನಲ್ಲೇ ಹೇಳಿದೆ. "ಯಜಮಾನ್ರೇ, ನೀವು ನೂರು ಕಾಯಿ ಎಣಿಸಿದ್ಮೇಲೆ ಕೊಸರು ಅಂತ ನಾಲ್ಕು ಹಾಕಿಸ್ಕೋತಿದ್ರಲ್ಲ, ಹಾಗೆ. ಕಂಪ್ಯೂಟರ್ ಕೊಸರಿಲ್ದೆ ಎಣಿಸೋದೇ ಇಲ್ಲ. ಸಾವಿರಕ್ಕೆ ಇಪ್ಪತ್ನಾಲ್ಕು ಕೊಸರು ಸೇರಿದ್ರೇನೇ ಅದಕ್ಕೆ ಒಂದು ಸಾವಿರ. ಡಿಸ್ಕು ಮಾಡೋರು ಬರೀ ಸಾವಿರ ಎಣಿಸಿ ಕಳಿಸ್ತಾರೆ. ಬೈಟಿಂದ ಕೆಬಿ, ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ, ಜಿಬಿಯಿಂದ ಟಿಬಿ. ನಾಲ್ಕು ಸಲ ಕೊಸರಿನ ಮೇಲೆ ಕೊಸರು ತಗಳುತ್ತೆ. ಕಾಯಿ ಅಷ್ಟೇ ಅವೆ, ಗುಡ್ಡೆ ಎಣಿಕೆ ಕಮ್ಮಿ ಆಗುತ್ತೆ." ಸಾವಿರದ ಇಪ್ಪತ್ತನಾಲ್ಕರ ಲೆಕ್ಕಕ್ಕೆ ಟೆಬಿಬೈಟ್ ಎಂಬ ಬೇರೆ ಹೆಸರೇ ಇದೆ, ಆದರೆ ಕಂಪ್ಯೂಟರು ಅದನ್ನೂ ಟಿಬಿ ಎಂದೇ ಬರೆಯುವುದರಿಂದ ಈ ಗೊಂದಲ ಎಂದೂ ಹೇಳಿದೆ.

ಅಷ್ಟರಲ್ಲಿ ಟೀಚರ್ ನೋಟುಪುಸ್ತಕದಲ್ಲಿ ಎರಡರ ಮುಂದೆ ಹನ್ನೆರಡು ಸೊನ್ನೆ ಹಾಕಿ ೧೦೨೪ರಿಂದ ನಾಲ್ಕು ಸಲ ಭಾಗಿಸತೊಡಗಿದ್ದರು. ಕ್ಯಾಲ್ಕುಲೇಟರು ಮುಂದಿಟ್ಟರೆ ಅತ್ತ ಸರಿಸಿದರು. ಐದು ನಿಮಿಷವಾದ ಮೇಲೆ ೧.೮೧೮ ಎಂಬ ಉತ್ತರಕ್ಕೆ ಅಡಿಗೆರೆ ಎಳೆದು, ಪರದೆಯ ಅಂಕಿಯನ್ನು ತೋರಿಸಿ, ನನಗೆ ತಲೆಯಾಡಿಸಿದರು. ಅವರ ಮುಖದಲ್ಲಿ ಲೆಕ್ಕ ತಾಳೆಯಾದವರ ಸಂತೋಷವಿತ್ತು.

ಯಜಮಾನರಿಗೆ ಮಾತ್ರ ತಾಳೆಯಾಗಲಿಲ್ಲ. "ನಿಮ್ ಲೆಕ್ಕ ನಿಮ್ಗೆ. ಡಬ್ಬದ್ ಮೇಲ್ ಬರ್ದಿರೋದು ಒಳಗ್ ಇರ್ಬೇಕು. ನಂಗೆ ಪೂರ್ತಿ ಅಳತೆದೇ ಬೇಕು," ಎಂದು ಎದ್ದರು. ನಾಲ್ಕು ದಿನ ಬಿಟ್ಟು ಮತ್ತೆ ಇಬ್ಬರೂ ಬಂದರು. ಹುಲಿಯೂರುದುರ್ಗದ ತಂಗಿಯ ಮನೆಗೆ ಹೋಗಿದ್ದ ಯಜಮಾನರು, ವಾಪಸು ಬರುತ್ತ ಕುಣಿಗಲ್ಲಿನಲ್ಲಿ ಬಸ್ಸು ಬದಲಿಸುವಾಗ ಯಾವುದೋ ಅಂಗಡಿಯಲ್ಲಿ ತಾವೇ ಒಂದು ಎರಡು ಟಿಬಿಯ ಡಿಸ್ಕು ಕೊಂಡು ತಂದಿದ್ದರು. ಸಿಕ್ಕಿಸಿದೆ. ಪರದೆಯಲ್ಲಿ ೨.೦೦ ಟಿಬಿ ಎಂದು ಬಂತು.

"ನೋಡ್ದೇನಪ್ಪಾ? ಸರ್ಯಾಗ್ ಕೊಡೋರೂ ಅವ್ರೆ ಪ್ರಪಂಚದಲ್ಲಿ!" ಯಜಮಾನರು ಮೇಜಿನ ಮೇಲೆ ತಾಳ ಹಾಕಿದರು.

ಟೀಚರ್ ನಗಲಿಲ್ಲ. ಪುಸ್ತಕ ತೆರೆದು ಎಡಗಡೆಯಲ್ಲಿ ಬರೆದರು: "ಇದಕ್ಕೆ ಯಾಕೆ ಕಡಿಮೆಯಾಗಲಿಲ್ಲ? ಇದೂ ಸಾವಿರದ ಲೆಕ್ಕದಲ್ಲೇ ಮಾಡಿದ್ದಲ್ಲವಾ?"

ಆ ಪ್ರಶ್ನೆಯ ಮುಂದೆ ನಾನು ಒಂದು ನಿಮಿಷ ನಿಂತಿದ್ದರೆ ಸಾಕಿತ್ತು. ನಿಜವಾದ ಎರಡು ಟಿಬಿ ಡಿಸ್ಕು ಈ ಕಂಪ್ಯೂಟರಿನಲ್ಲಿ ೨.೦೦ ಎಂದು ತೋರಿಸಿದ್ದನ್ನು ನಾನು ಈವರೆಗೆ ಕಂಡಿರಲೇ ಇಲ್ಲ. ತೋರಿಸಿತೆಂದರೆ ಆ ಅಂಕಿಯನ್ನು ಯಾರೋ ಸುಳ್ಳೇ ಕೂರಿಸಿದ್ದಾರೆ ಎಂದರ್ಥ. ಇದು ನನಗೆ ಗೊತ್ತಿರಬೇಕಾದ ವಿಷಯ. ಆದರೆ ಮದುವೆ ಸೀಸನ್ನು ಹತ್ತಿರವಿತ್ತು, ಅಳತೆಯ ಜಗಳ ಕೇಳಿ ಕೇಳಿ ಸಾಕಾಗಿತ್ತು, ಯಜಮಾನರು ಅಪರೂಪಕ್ಕೆ ಖುಷಿಯಾಗಿದ್ದರು.

"ಕೆಲವು ಕಂಪನಿಯವ್ರು ಮೊದಲೇ ಕೊಸರು ಸೇರಿಸಿ ಕೊಡ್ತಾರೆ ಟೀಚರ್," ಎಂದುಬಿಟ್ಟೆ.

ಟೀಚರ್ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಲಗಡೆಯಲ್ಲಿ ನನ್ನ ಮಾತನ್ನು ಬರೆದುಕೊಂಡರು.

ಕಡತಗಳನ್ನೆಲ್ಲ ಆ ಡಿಸ್ಕಿಗೆ ಹಾಕಿದೆ. ನೂರ ಮೂವತ್ತೆರಡು ಹೆಸರು ಬಂದವು, ಪ್ರತಿಯೊಂದರ ಮುಂದೆ ಅದರ ಗಾತ್ರವೂ ಸರಿಯಾಗಿತ್ತು. ಮೊದಲನೆಯದನ್ನು ಓಡಿಸಿ ನೋಡಿದೆ, ಚೆನ್ನಾಗಿತ್ತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು ಎಂಬುದು ನನ್ನ ಪದ್ಧತಿ. ಡಿಸ್ಕು ಅನ್ನದ ಪಾತ್ರೆಯಲ್ಲ ಎಂದು ಆಗ ಹೊಳೆಯಲಿಲ್ಲ. ಟೇಪುಗಳ ಚೀಲ ಹಿಂದಿರುಗಿಸುವಾಗ "ಇನ್ನು ಇವು ಓಡಲ್ಲ, ಬೂಷ್ಟು ಬೇರೆ. ಮನೇಲಿ ಇಟ್ಕೋಬೇಡಿ," ಎಂದು ದೊಡ್ಡ ತಜ್ಞನಂತೆ ಸಲಹೆಯನ್ನೂ ಕೊಟ್ಟೆ. ಮಾರನೆಯ ದಿನವೇ ಯಜಮಾನರು ಅವನ್ನು ಪುರಸಭೆಯ ಕಸದ ಗಾಡಿಗೆ ಹಾಕಿದರು. ನಾನು ತರಿಸಿದ್ದ ೧.೮೧ರ ಡಿಸ್ಕು ಅಂಗಡಿಯ ಕಪಾಟಿನಲ್ಲಿ ಖಾಲಿಯಾಗಿ ಕೂತಿತ್ತು. ಅದಕ್ಕೊಂದು ಪ್ರತಿ ಹಾಕಿಡೋಣ ಎಂದು ಒಮ್ಮೆಯೂ ಅನ್ನಿಸಲಿಲ್ಲ.

ನನ್ನ ಅಂಗಡಿಯ ಗೋಡೆಯ ಮೇಲೊಂದು ಬೋರ್ಡಿದೆ. ಕೆಲಸ ಒಪ್ಪಿಸಿದ ಮೂವತ್ತು ದಿನಗಳ ನಂತರ ನಮ್ಮಲ್ಲಿರುವ ಪ್ರತಿಯನ್ನು ಅಳಿಸಲಾಗುವುದು. ಜಾಗ ಸಾಲದೆ ಮಾಡಿಕೊಂಡ ನಿಯಮ. ಮೂವತ್ತೊಂದನೆಯ ದಿನ ಕುಣಿಗಲ್ಲಿನ ವಿಡಿಯೋದವರೊಬ್ಬರು ಎರಡು ದಿನದ ಮದುವೆ, ನಾಲ್ಕು ಕ್ಯಾಮೆರಾದ ಚಿತ್ರಗಳನ್ನು ತಂದು ಸುರಿದರು. ಟೀಚರ್ ಪಾಠಗಳ ಫೋಲ್ಡರನ್ನು ಅಳಿಸಿ ಮದುವೆಗೆ ಜಾಗ ಮಾಡಿದೆ. ನಿಯಮ ಪಾಲಿಸಿದ ಸಮಾಧಾನ ಬೇರೆ.

ಅತ್ತ ಗುಬ್ಬಿಯಲ್ಲಿ ಕ್ಲಾಸು ಶುರುವಾಗಿತ್ತು. ಹಳೆಯ ಶಿಷ್ಯೆಯೊಬ್ಬಳು ಕೊಟ್ಟ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಭಾನುವಾರಕ್ಕೊಂದರಂತೆ ಪಾಠ ಹಾಕುತ್ತಿದ್ದರು. ಮುಂದಿನ ಪಾಠಗಳನ್ನು ಯಾರೂ ಮೊದಲೇ ತೆರೆದು ನೋಡಿರಲಿಲ್ಲ. ಹುಡುಗಿಯರ ಜೊತೆಗಲ್ಲದೆ ಒಬ್ಬರೇ ಕೂತು ತಮ್ಮ ದನಿ ಕೇಳುವುದಕ್ಕೆ ಟೀಚರಿಗೆ ಮನಸ್ಸಾಗುತ್ತಿರಲಿಲ್ಲವಂತೆ. ನಾಲ್ಕು ಭಾನುವಾರ ಸುಸೂತ್ರವಾಗಿ ನಡೆಯಿತು. ಐದನೆಯದು ಬಂದದ್ದು ನಾನು ಅಳಿಸಿದ ಮೂರು ದಿನಕ್ಕೆ.

ಸೋಮವಾರ ಬೆಳಿಗ್ಗೆ ಯಜಮಾನರು ಒಬ್ಬರೇ ಬಂದರು. ಡಿಸ್ಕನ್ನು ಟವಲಿನಲ್ಲಿ ಸುತ್ತಿ ತಂದಿದ್ದರು. "ಐದ್ನೇ ಪಾಠ ಮುಗ್ಯಕ್ ಬಂದಿತ್ತು, ಅಲ್ಲೇ ನಿಂತೋಯ್ತು ಕಣಪ್ಪ. ಆರನೇದು ತೆಗ್ಯಕ್ಕೇ ಬತ್ತಿಲ್ಲ. ವೈರ್ ಏನಾದ್ರೂ ಸಡ್ಲ ಆಗಿದ್ಯೇನೋ ನೋಡು."

ವೈರಲ್ಲ. ಆರರಿಂದ ನೂರ ಮೂವತ್ತೆರಡರವರೆಗೆ ಒಂದೊಂದನ್ನೂ ತೆರೆದೆ. ಹೆಸರಿತ್ತು, ಗಾತ್ರವಿತ್ತು, ಒಳಗೆ ಬರೀ ಸೊನ್ನೆ. ಯಜಮಾನರ ಒಪ್ಪಿಗೆ ಕೇಳಿ ಡಿಸ್ಕಿನ ಕವಚ ಬಿಚ್ಚಿದೆ. ಒಳಗೆ ಡಿಸ್ಕೇ ಇರಲಿಲ್ಲ. ಬೆರಳುಗುರಿನಷ್ಟಗಲದ ಅರವತ್ತನಾಲ್ಕು ಜಿಬಿಯ ಮೆಮೊರಿ ಕಾರ್ಡೊಂದನ್ನು ಅಂಟಿಸಿ, ಪಕ್ಕದಲ್ಲೊಂದು ಕಬ್ಬಿಣದ ತುಂಡು ಇಟ್ಟಿದ್ದರು. ಎರಡು ಟಿಬಿ ಎಂದು ತೋರಿಸುವಂತೆ ಕಾರ್ಡಿಗೆ ಸುಳ್ಳು ಹೇಳಿಕೊಟ್ಟಿದ್ದರು. ಅರವತ್ತನಾಲ್ಕು ತುಂಬಿದ ಮೇಲೆ ಬಂದದ್ದನ್ನೆಲ್ಲ ಅದು ಬರೆದುಕೊಂಡಂತೆ ನಟಿಸಿ ಬಿಸಾಡಿತ್ತು. ಹದಿಮೂರರಂತೆ ನಾಲ್ಕು ಪಾಠ, ಐದನೆಯದರಲ್ಲಿ ಐವತ್ತು ನಿಮಿಷ ಚಿಲ್ಲರೆ. ಲೆಕ್ಕ ಕರಾರುವಾಕ್ಕಾಗಿತ್ತು.

ಯಜಮಾನರು ಕಬ್ಬಿಣದ ತುಂಡನ್ನು ಎತ್ತಿ ಅಂಗೈಯಲ್ಲಿ ತೂಗಿದರು. "ಕೊಬ್ರಿ ಚೀಲದಾಗೆ ಕಲ್ ಹಾಕ್ತಿದ್ರು. ಕೈಗೆ ಬಂದೇಟ್ಗೆ ಕಂಡ್ ಹಿಡೀತಿದ್ದೆ ನಾನು," ಎಂದರು. ಆಮೇಲೆ "ನಿನ್ತಾವ ಒಂದು ಇರ್ತದಲ್ಲ?" ಎಂದು ಕೇಳಿದರು.

ಗೋಡೆಯ ಬೋರ್ಡು ಅವರ ತಲೆಯ ಹಿಂದೆಯೇ ಇತ್ತು. ನಡೆದದ್ದನ್ನು ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ನಾನೇ ತಂದಿದ್ದು," ಎಂದು ಹೇಳಿ ಟವಲು ಮಡಿಸತೊಡಗಿದರು. ಒಂದೇ ಟವಲನ್ನು ಮೂರು ಸಲ ಬಿಚ್ಚಿ ಮಡಿಸಿದರು.

ಅಳಿಸಿದ್ದು ತಕ್ಷಣ ಹೋಗಿಬಿಡುವುದಿಲ್ಲ. ಕಂಪ್ಯೂಟರು ಹೆಸರನ್ನು ಮಾತ್ರ ಕಿತ್ತು ಜಾಗ ಖಾಲಿಯಿದೆ ಎಂದುಕೊಳ್ಳುತ್ತದೆ. ಮೇಲೆ ಬೇರೆಯದು ಬಂದು ಕೂರುವವರೆಗೆ ಹಳೆಯದು ಅಲ್ಲೇ ಇರುತ್ತದೆ. ನನ್ನ ನಾಲ್ಕು ಟಿಬಿಯ ಡಿಸ್ಕಿನಲ್ಲಿ ಬೇರೆಲ್ಲೂ ಜಾಗವಿರಲಿಲ್ಲವಾದ್ದರಿಂದ ಮದುವೆಯೆಲ್ಲ ಬಂದು ಕೂತದ್ದು ಟೀಚರ್ ಪಾಠಗಳ ಮೇಲೆಯೇ. ಆದರೂ ಆ ಡಿಸ್ಕಿಗೆ ಒಂದಕ್ಷರ ಬರೆಯದಂತೆ ಬೀಗ ಹಾಕಿ, ಅದರ ತದ್ರೂಪನ್ನು ಬೇರೆ ಡಿಸ್ಕಿಗೆ ತೆಗೆದು, ಹುಡುಕುವ ಸಾಫ್ಟ್‌ವೇರು ಓಡಿಸಿದೆ. ಎರಡು ದಿನ ಹಿಡಿಯಿತು. ಅಂಗಡಿಗೆ ಬಂದ ಬೇರೆ ಕೆಲಸಗಳನ್ನೆಲ್ಲ ಹಿಂದಕ್ಕೆ ಕಳಿಸಿದೆ. ನಡುವೆ ಗುಬ್ಬಿಗೆ ಹೋಗಿ ಪುರಸಭೆಯ ಒಣಕಸದ ಶೆಡ್ಡಿನಲ್ಲಿ ವಿಚಾರಿಸಿದೆ. "ಪ್ಲಾಸ್ಟಿಕ್ ಎಲ್ಲಾ ಹೋಗಿ ತಿಂಗ್ಳಾಯ್ತು ಸಾರ್," ಎಂದು ಅಲ್ಲಿನ ಹೆಂಗಸು ತಲೆಯೆತ್ತದೆ ಹೇಳಿದಳು.

ಎರಡು ದಿನದ ನಂತರ ಪಟ್ಟಿ ಬಂತು. ಹೆಸರು ಟೀಚರ್ ಪಾಠದ್ದು, ತೆರೆದರೆ ಕುಣಿಗಲ್ಲಿನ ಮದುಮಗಳು ಅರಿಸಿನ ಹಚ್ಚಿಸಿಕೊಳ್ಳುತ್ತ ನಗುತ್ತಿದ್ದಾಳೆ. ಇನ್ನೊಂದು ತೆರೆದರೆ ಅರ್ಧ ನಿಮಿಷ ಟೀಚರ್, ಆಮೇಲೆ ಓಲಗ. ಆ ಓಲಗದ ಸದ್ದು ಕೇಳಿದರೆ ಈಗಲೂ ನನಗೆ ಮದುವೆಮನೆಯಲ್ಲಿ ಊಟ ಸೇರುವುದಿಲ್ಲ. ಒಂದೊಂದನ್ನೂ ಈ ಸಲ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದೆ. ಐದನೆಯ ಪಾಠ ಸಿಗಲಿಲ್ಲ. ಆರನೆಯದರಿಂದ ಮುಂದಿನವುಗಳಲ್ಲಿ ಪೂರ್ತಿಯಾಗಿ ಉಳಿದವು ಒಂಬತ್ತು.

ಒಂಬತ್ತನ್ನೂ ಆ ೧.೮೧ರ ಡಿಸ್ಕಿಗೆ ಹಾಕಿ, ಇನ್ನೆರಡು ಪ್ರತಿ ಮಾಡಿ, ಮುಂದಿನ ಭಾನುವಾರ ಗುಬ್ಬಿಗೆ ಹೋದೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಅಷ್ಟು ಹೇಡಿಯಾಗಲು ಮನಸ್ಸು ಬರಲಿಲ್ಲ.

ಕ್ಲಾಸು ನಡೆಯುತ್ತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ಏಳು ಹುಡುಗಿಯರು ಕೂತಿದ್ದರು. ಟಿವಿಯ ಮೇಲೆ ಬಟ್ಟೆ ಮುಚ್ಚಿತ್ತು. ಟೀಚರ್ ಬೋರ್ಡಿನ ಮೇಲೆ ಐದನೆಯ ಪಾಠದ ನಿಂತುಹೋದ ಲೆಕ್ಕವನ್ನು ಬರೆದು, ಸೀಮೆಸುಣ್ಣದಿಂದ ಒಂದೊಂದು ಮೆಟ್ಟಿಲನ್ನೂ ಕುಟ್ಟಿ ಕುಟ್ಟಿ ತೋರಿಸುತ್ತಿದ್ದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ದನಿಯಿದ್ದಿದ್ದರೆ ಇಷ್ಟರಲ್ಲಿ ಅಲ್ಲೊಂದು ನಗು ಎದ್ದಿರುತ್ತಿತ್ತು. ಸುಣ್ಣ ಕುಟ್ಟುವ ಸದ್ದು ಬಿಟ್ಟರೆ ಪಡಸಾಲೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ನನ್ನನ್ನು ಕಂಡು ಟೀಚರ್ ಸುಣ್ಣ ಕೆಳಗಿಟ್ಟರು. ಡಿಸ್ಕು ಕೊಟ್ಟೆ. ಕ್ಷಮಿಸಿ ಎಂದೆ. ಅವರು ನೋಟುಪುಸ್ತಕವನ್ನು ಹಿಂದಕ್ಕೆ ತಿರುವುತ್ತ ಹೋಗಿ, ಒಂದು ಹಾಳೆಯನ್ನು ನನ್ನೆದುರು ಹಿಡಿದರು. ಎಡಗಡೆಯಲ್ಲಿ ಅವರ ಪ್ರಶ್ನೆ, ಇದಕ್ಕೆ ಯಾಕೆ ಕಡಿಮೆಯಾಗಲಿಲ್ಲ? ಬಲಗಡೆಯಲ್ಲಿ ನನ್ನ ಉತ್ತರ. ಅದರ ಮೇಲೆ ಹೊಸದಾಗಿ ಕೆಂಪು ಶಾಯಿಯಲ್ಲಿ ತಪ್ಪಿನ ಗುರುತು ಹಾಕಿದ್ದರು, ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ. ಪಕ್ಕದಲ್ಲಿ ಸಣ್ಣಗೆ ಬರೆದಿತ್ತು: "ಗೊತ್ತಿಲ್ಲ ಅಂದಿದ್ದರೆ ನಾನೇ ಹುಡುಕುತ್ತಿದ್ದೆ."

ಯಜಮಾನರು ಒಳಗಿನಿಂದ ಕಾಫಿ ತಂದು ನನ್ನ ಮುಂದಿಟ್ಟರು.

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. "ಸಾರ್, ಟೀಚರ್ ಇನ್ನೆಷ್ಟ್ ವಾರ ಮಾತಾಡ್ತಾರೆ?"

ಟೀಚರ್ ಹೊಸ ಹಾಳೆ ತೆಗೆದು, ಎಡಗಡೆಯಲ್ಲಿ ಆ ಹುಡುಗಿಯ ಪ್ರಶ್ನೆಯನ್ನು ಗುಂಡಗಿನ ಅಕ್ಷರದಲ್ಲಿ ಬರೆದರು. ಬಲಗಡೆಯನ್ನು ಖಾಲಿ ಬಿಟ್ಟು, ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು.

ನಾನು "ಒಂಬತ್ತು" ಎಂದು ಬರೆದೆ. ಮುಂದೆ ಇನ್ನೇನಾದರೂ ಸೇರಿಸುತ್ತೇನೇನೋ ಎಂದು ಟೀಚರ್ ಸ್ವಲ್ಪ ಹೊತ್ತು ಪುಸ್ತಕವನ್ನು ಹಾಗೆಯೇ ಹಿಡಿದುಕೊಂಡಿದ್ದರು.